ಚಾವಡಿಯ ಸಮುದಾಯ

ಮಂಜೇಶ್ವರದ ಕಡೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಅಜ್ಜಿ ಮೊಮ್ಮಗಳನ್ನು ಗದರಿಸುವುದು ತುಳುವಿನಲ್ಲಿ. ಅದೇ ಅಜ್ಜಿ ಸಂಜೆ ದೀಪ ಹಚ್ಚಿ ಹೇಳುವ ಭಜನೆ ಕನ್ನಡದ್ದು. ಮಗ ಗ್ರಾಮ ಕಚೇರಿಗೆ ಹೋದರೆ ಮಲೆಯಾಳದಲ್ಲಿ ವ್ಯವಹರಿಸುತ್ತಾನೆ. ಮನೆಗೆ ಬರುವ ಪತ್ರಿಕೆ ಕನ್ನಡ. ಮದುವೆಯ ಕರೆಯೋಲೆ ಅಚ್ಚಾಗುವುದು ಕನ್ನಡದಲ್ಲಿ. ರಾತ್ರಿಯ ಯಕ್ಷಗಾನದ ಪದ ಮತ್ತು ಅರ್ಥ ಎರಡೂ ಕನ್ನಡ. ಮೊಮ್ಮಗಳು ಹೋಗುವ ಶಾಲೆ ಮಾತ್ರ ಇಂಗ್ಲಿಷಿನದು. ಈ ಮನೆಯ ಬಾಗಿಲಿಗೆ ಜನಗಣತಿಯವರು ಬಂದು, ನಿಮ್ಮ ಮಾತೃಭಾಷೆ ಯಾವುದು ಎಂದು ಕೇಳಿದರೆ ಮನೆಯವರು ಏನೆಂದು ಹೇಳಬೇಕು?

ಈ ಪ್ರಶ್ನೆ ಬಹಳ ದೂರವಿಲ್ಲ. 2021ರಲ್ಲಿ ಆಗಬೇಕಾಗಿದ್ದ ಜನಗಣತಿ ಮುಂದೆ ಹೋಗಿ, 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಸುವುದೆಂದು 2025ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರ ಪ್ರಕಟಿಸಿತು. ಅಂದಿನಿಂದ ನಮ್ಮಲ್ಲಿ ಹಿಂದಿನ ಪ್ರತಿಯೊಂದು ಗಣತಿಯ ಹೊತ್ತಿಗೂ ಏಳುವ ಮಾತು ಮತ್ತೆ ಎದ್ದಿದೆ. ಮನೆಮಾತು ತುಳುವಿರಲಿ, ಕೊಂಕಣಿಯಿರಲಿ, ಮರಾಠಿಯಿರಲಿ, ಕನ್ನಡವೆಂದೇ ಬರೆಸಿ. ಇಲ್ಲವಾದರೆ ನಮ್ಮ ಸಂಖ್ಯೆ ಕುಗ್ಗುತ್ತದೆ, ಸಂಖ್ಯೆ ಕುಗ್ಗಿದರೆ ಹಕ್ಕು ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಹಾಗೆ ಹೇಳುವವರ ಕಾಳಜಿಯನ್ನು ಸಂಶಯಿಸುವಂತಿಲ್ಲ. ಆದರೆ ಆ ಸಲಹೆ ಸರಿಯಲ್ಲವೆಂದು ಈ ಲೇಖಕನ ಅಭಿಪ್ರಾಯ. ಅದೇಕೆಂದು ವಿವರಿಸಬೇಕಾದರೆ ಜನಗಣತಿಯ ನಮೂನೆಯನ್ನು ಬದಿಗಿಟ್ಟು, ಅದರ ಹಿಂದೆ ಕುಳಿತಿರುವ ಇನ್ನೊಂದು ಪ್ರಶ್ನೆಗೆ ಹೋಗಬೇಕಾಗುತ್ತದೆ. ಸಮುದಾಯವೆಂದರೆ ಏನು? ಜನರನ್ನು ಒಂದು ಸಮುದಾಯವನ್ನಾಗಿ ಹಿಡಿದಿಡುವುದು ಯಾವುದು? ಸಮಾಜಶಾಸ್ತ್ರಜ್ಞರು ನೂರಮೂವತ್ತು ವರ್ಷಗಳಿಗೂ ಮೀರಿ ಇದನ್ನು ಕೇಳುತ್ತ ಬಂದಿದ್ದಾರೆ. ಅವರು ಕೊಟ್ಟ ಉತ್ತರಗಳು ಪುಸ್ತಕದಲ್ಲಿ ಉಳಿಯದೆ ಕಾನೂನಿಗೂ ಕೋಷ್ಟಕಕ್ಕೂ ಇಳಿದಿವೆ. ನಮ್ಮ ಮಕ್ಕಳಿಗೆ ಅಧ್ಯಾಪಕರು ಸಿಗುವುದೂ ಸಿಗದಿರುವುದೂ ಕೊನೆಗೆ ಈ ಉತ್ತರಗಳನ್ನೇ ಅವಲಂಬಿಸಿದೆ. ಆದುದರಿಂದ ಇದು ಪಂಡಿತರಿಗಷ್ಟೇ ಬಿಟ್ಟ ವಿಚಾರವಲ್ಲ.

ಸಾಯುವ ಸಮುದಾಯವೆಂಬ ಸಿದ್ಧಾಂತ

ಮೊದಲ ಉತ್ತರ ಬಂದುದು ಜರ್ಮನಿಯಿಂದ. 1887ರಲ್ಲಿ ಫರ್ಡಿನಾಂಡ್ ಟ್ಯೋನೀಸ್ ಎಂಬ ವಿದ್ವಾಂಸ ಮನುಷ್ಯರ ಕೂಟಗಳನ್ನು ಎರಡು ಬಗೆಯಾಗಿ ವಿಂಗಡಿಸಿದ. ಒಂದು, ರಕ್ತಸಂಬಂಧ, ನೆರೆಹೊರೆ, ಸ್ನೇಹಗಳಿಂದ ತಾನಾಗಿ ಬೆಳೆದ ಬಳಗ. ಇನ್ನೊಂದು, ಲಾಭ ನಷ್ಟಗಳನ್ನು ಲೆಕ್ಕ ಹಾಕಿ, ಕರಾರಿನ ಮೇಲೆ ಕಟ್ಟಿಕೊಂಡ ಸಮಾಜ. ಹಳ್ಳಿ ಮೊದಲಿನದಕ್ಕೆ ಉದಾಹರಣೆ, ನಗರ ಎರಡನೆಯದಕ್ಕೆ. ಕೈಗಾರಿಕೆ ಬೆಳೆದಂತೆ ಮೊದಲಿನದು ಸೊರಗಿ ಎರಡನೆಯದು ಹಬ್ಬುತ್ತದೆಂದು ಆತ ಕಂಡ. ಆ ಮೇಲೆ ಬಂದ ಸಮಾಜಶಾಸ್ತ್ರದಲ್ಲಿ ಸಮುದಾಯವೆಂದರೆ ಕಳೆದುಹೋಗುತ್ತಿರುವ ವಸ್ತು ಎಂಬ ಭಾವನೆ ಬೇರೂರಿತು. ಅದು ಎಷ್ಟು ಅಸ್ಪಷ್ಟವಾಗಿ ಬೇರೂರಿತೆಂದರೆ, 1955ರಲ್ಲಿ ಜಾರ್ಜ್ ಹಿಲರಿ ಎಂಬ ಅಮೇರಿಕದ ವಿದ್ವಾಂಸ ಅದುವರೆಗಿನ ವ್ಯಾಖ್ಯೆಗಳನ್ನು ಕೂಡಿಸಿ ನೋಡಿದಾಗ 94 ಬೇರೆ ಬೇರೆ ವ್ಯಾಖ್ಯೆಗಳು ಸಿಕ್ಕಿದವು. ಸಮುದಾಯದಲ್ಲಿ ಜನರಿರುತ್ತಾರೆ ಎಂಬುದನ್ನು ಬಿಟ್ಟರೆ ಎಲ್ಲವೂ ಒಪ್ಪುವ ಮಾತು ಅವುಗಳಲ್ಲಿ ಇರಲಿಲ್ಲ!

ನಮ್ಮ ದೇಶಕ್ಕೆ ಬಂದರೆ ಸಮುದಾಯದ ಚರ್ಚೆ ಹಳ್ಳಿಯ ಚರ್ಚೆಯಾಗಿಯೇ ನಡೆಯಿತು. ಭಾರತದ ಹಳ್ಳಿಗಳು ಪುಟ್ಟ ಗಣರಾಜ್ಯಗಳಂತೆ ಎಂದು ಚಾರ್ಲ್ಸ್ ಮೆಟ್‌ಕಾಫ್ ಎಂಬ ಬ್ರಿಟಿಷ್ ಅಧಿಕಾರಿ 1830ರಲ್ಲಿ ಬರೆದ. ಗಾಂಧೀಜಿ ತಮ್ಮ ಗ್ರಾಮಸ್ವರಾಜ್ಯದ ಕನಸನ್ನು ಹಳ್ಳಿಯ ಮೇಲೆಯೇ ಕಟ್ಟಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಈ ಕನಸನ್ನು ನೇರವಾಗಿ ಖಂಡಿಸಿ, ಹಳ್ಳಿಯೆಂದರೆ ಸಂಕುಚಿತ ಬುದ್ಧಿ ಮತ್ತು ಅಜ್ಞಾನದ ಗೂಡೆಂದು ಹೇಳಿದರು. ಊರು ಒಂದೇ ಎನ್ನುವವನು ಊರಿನೊಳಗೆ ಮನೆಯಿದ್ದವನು. ಊರ ಹೊರಗೆ ಇಡಲ್ಪಟ್ಟವನಿಗೆ ಆ ಒಗ್ಗಟ್ಟಿನ ಅರ್ಥವೇ ಬೇರೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಇದೇ 1948ರಲ್ಲಿ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ನೆಲೆಸಿ ಅಲ್ಲಿನ ಬದುಕನ್ನು ಅಭ್ಯಾಸ ಮಾಡಿದರು. ತಮ್ಮ ಬರಹಗಳಲ್ಲಿ ಅದನ್ನು ರಾಂಪುರವೆಂದು ಕರೆದರು. 1970ರಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, ವರ್ಷಾನುಗಟ್ಟಲೆ ಅಣಿಗೊಳಿಸಿದ ಟಿಪ್ಪಣಿಗಳು ಸುಟ್ಟುಹೋದವು. ಆಗ ಅವರು ನೆನಪಿನಿಂದಲೇ ಬರೆಯತೊಡಗಿ, 1976ರಲ್ಲಿ ಆ ಹಳ್ಳಿಯ ಕುರಿತ ಪ್ರಸಿದ್ಧ ಗ್ರಂಥವನ್ನು ಹೊರತಂದರು. ಪ್ರಬಲ ಜಾತಿ, ಸಂಸ್ಕೃತೀಕರಣ ಎಂಬ ಅವರ ಪರಿಕಲ್ಪನೆಗಳು ಇಂದು ಪತ್ರಿಕೆಗಳ ಚುನಾವಣಾ ವಿಶ್ಲೇಷಣೆಯವರೆಗೂ ಇಳಿದುಬಂದಿವೆ. ಹಳ್ಳಿ ಒಂದು ಸಮುದಾಯವೇ ಅಲ್ಲ, ಅದು ಮನೆಗಳ ಗುಂಪು ಮಾತ್ರ. ನಿಜವಾದ ಘಟಕ ಜಾತಿಯೆಂದು ಫ್ರಾನ್ಸಿನ ಲೂಯಿ ಡ್ಯುಮೋ 1957ರಲ್ಲಿ ವಾದಿಸಿದಾಗ, ಊರ ಕೆರೆ, ಊರ ದೇವರು, ಊರ ಜಗಳಗಳು ಜಾತಿಗಳನ್ನು ದಾಟಿ ಜನರನ್ನು ಕಟ್ಟುತ್ತವೆಂದು ಶ್ರೀನಿವಾಸರು ಉತ್ತರಿಸಿದರು.

ಈ ವಾದವಿವಾದಗಳನ್ನು ಓದುವಾಗ ಗಡಿನಾಡಿನವರಿಗೆ ಒಂದು ಸಂಗತಿ ಕಾಣದಿರದು. ರಾಂಪುರದಲ್ಲಿ ಭಾಷೆ ಒಂದು ಪ್ರಶ್ನೆಯೇ ಆಗಿರಲಿಲ್ಲ. ಗಾಳಿಯಂತೆ ಅದು ಅಲ್ಲಿತ್ತು. ಊರು, ಜಾತಿ ಎಂಬ ಎರಡು ಕಂಬಗಳ ನಡುವೆ ನಮ್ಮ ಸಮಾಜಶಾಸ್ತ್ರ ಓಡಾಡಿತೇ ಹೊರತು, ಹಲವು ಜಾತಿ, ಹಲವು ಮತ, ಹಲವು ಮನೆಮಾತುಗಳ ಜನರು ಒಂದು ಬರಹದ ಭಾಷೆಯ ಮೂಲಕ ತಾವೊಂದು ಸಮುದಾಯವೆಂದು ತಿಳಿದುಕೊಳ್ಳುವ ಕಾಸರಗೋಡಿನಂತಹ ನೆಲಕ್ಕೆ ಅದರಲ್ಲಿ ಜಾಗ ಸಿಗಲಿಲ್ಲ.

ಬೇಲಿ ಮತ್ತು ಪತ್ರಿಕೆ

1969ರಲ್ಲಿ ನಾರ್ವೆಯ ಫ್ರೆಡ್ರಿಕ್ ಬಾರ್ತ್ ಒಂದು ಹೊಸ ದಾರಿ ತೋರಿಸಿದ. ಜನಾಂಗಗಳನ್ನು ಬೇರ್ಪಡಿಸುವುದು ಅವುಗಳ ಒಳಗಿರುವ ಆಚಾರ, ಉಡುಗೆ, ಊಟಗಳಲ್ಲ. ನಡುವೆ ಇರುವ ಗಡಿಯೆಂದು ಆತ ವಾದಿಸಿದ. ಒಳಗಿನ ಸಾಮಾನುಗಳು ಬದಲಾಗುತ್ತಲೇ ಇರುತ್ತವೆ, ಜನರೂ ಅತ್ತಿತ್ತ ದಾಟುತ್ತಾರೆ, ಆದರೂ ಗಡಿ ಉಳಿಯಬಹುದು. ಅಡಿಕೆ ತೋಟದ ಬೇಲಿಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಬೇಲಿಯ ಎರಡೂ ಕಡೆ ಬೆಳೆದಿರುವುದು ಒಂದೇ ಅಡಿಕೆ. ಬೇಲಿ ಮಾತ್ರ ಎರಡು ತೋಟಗಳನ್ನು ಮಾಡುತ್ತದೆ.

1983ರಲ್ಲಿ ಬೆನೆಡಿಕ್ಟ್ ಆಂಡರ್ಸನ್ ಇನ್ನೊಂದು ಮಾತು ಸೇರಿಸಿದ. ಒಂದು ರಾಷ್ಟ್ರದವರು ಪರಸ್ಪರರನ್ನು ಎಂದೂ ಕಂಡಿರುವುದಿಲ್ಲ. ಆದರೂ ತಾವು ಒಂದೆಂದು ಭಾವಿಸುತ್ತಾರೆ. ಈ ಭಾವನೆಯನ್ನು ಬೆಳೆಸಿದುದರಲ್ಲಿ ಅಚ್ಚಿನ ಯಂತ್ರಕ್ಕೂ ವರ್ತಮಾನ ಪತ್ರಿಕೆಗೂ ದೊಡ್ಡ ಪಾಲಿದೆ ಎಂದು ಆತ ಹೇಳಿದ. ಬೆಳಗ್ಗೆ ಪತ್ರಿಕೆ ಬಿಚ್ಚುವವನಿಗೆ ತನ್ನಂತೆಯೇ ಇನ್ನೆಷ್ಟೋ ಮಂದಿ ಅದೇ ಹೊತ್ತಿಗೆ ಅದನ್ನೇ ಬಿಚ್ಚುತ್ತಿದ್ದಾರೆಂದು ಗೊತ್ತಿರುತ್ತದೆ. ಪುಟ್ಟ ಪತ್ರಿಕೆಯೊಂದನ್ನು ಕೈಯಲ್ಲಿ ಹಿಡಿದು ಇದನ್ನು ಓದುತ್ತಿರುವ ವಾಚಕರಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಪೈವಳಿಕೆಯವರೂ ಮುಳ್ಳೇರಿಯದವರೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಮರಣವಾರ್ತೆಗೆ ಮರುಗುವುದು, ಒಂದೇ ಶಾಲೆಯ ಅಧ್ಯಾಪಕರ ಹುದ್ದೆಗಾಗಿ ಕೋಪಗೊಳ್ಳುವುದು ಈ ಕಾಗದದ ಮೂಲಕವೇ ಅಲ್ಲವೇ?

ಈ ಎರಡು ಸಿದ್ಧಾಂತಗಳಿಂದ ಒಂದು ಉಪಕಾರವಾಯಿತು. ಸಮುದಾಯ ರಕ್ತದಿಂದ ಬರುವುದಲ್ಲ, ಅದು ಜನರು ದಿನನಿತ್ಯ ಮಾಡುವ ಕೆಲಸವೆಂಬ ತಿಳುವಳಿಕೆ ಬಂತು. ಜೊತೆಗೆ ಒಂದು ಅಪಾಯವೂ ಬಂತು. ಕಟ್ಟಿದ್ದಾದರೆ ಅದು ಸುಳ್ಳು, ಯಾರೋ ಹುಟ್ಟುಹಾಕಿದ್ದು ಎಂದು ಲಘುವಾಗಿ ಹೇಳುವವರು ಹುಟ್ಟಿಕೊಂಡರು. ಮನೆಯನ್ನೂ ಕಟ್ಟಿಯೇ ಮಾಡುವುದು. ಅದರಿಂದ ಅದು ಸುಳ್ಳಾಗುವುದಿಲ್ಲ. ಮಳೆಗಾಲದಲ್ಲಿ ಅದರೊಳಗೆ ಜನ ವಾಸಿಸುತ್ತಾರೆ.

ಒಲೆಯೂ ಅಲ್ಲ, ಕಚೇರಿಯೂ ಅಲ್ಲ

ಈಗ ನಮ್ಮ ನೆಲಕ್ಕೆ ಬರೋಣ. ಭಾಷೆಗಳು ಏಕೆ ಅಳಿಯುತ್ತವೆ, ಹೇಗೆ ಉಳಿಯುತ್ತವೆ ಎಂಬುದರ ಬಗ್ಗೆ ಅತ್ಯಂತ ಪ್ರಭಾವಶಾಲಿಯಾದ ಸಿದ್ಧಾಂತ ಅಮೇರಿಕದ ಜೋಶುವಾ ಫಿಶ್‌ಮನ್ ಅವರದು. 1991ರ ತಮ್ಮ ಗ್ರಂಥದಲ್ಲಿ ಅವರು ಎಂಟು ಮೆಟ್ಟಿಲುಗಳ ಒಂದು ಮಾಪಕವನ್ನು ಕೊಟ್ಟರು. ಅದರ ತಿರುಳು ಇಷ್ಟು: ಮನೆಯಲ್ಲಿ, ನೆರೆಹೊರೆಯಲ್ಲಿ ತಾಯಿಯಿಂದ ಮಗುವಿಗೆ ಭಾಷೆ ದಾಟುತ್ತಿದ್ದರೆ ಅದು ಉಳಿಯುತ್ತದೆ, ದಾಟದಿದ್ದರೆ ಶಾಲೆ, ಕಚೇರಿ, ಆಕಾಶವಾಣಿ ಎಲ್ಲ ಇದ್ದರೂ ಉಳಿಯುವುದು ಕಷ್ಟ. ಐರ್ಲೆಂಡಿನಲ್ಲಿ ಸರಕಾರವೇ ನಿಂತು ಶಾಲೆಗಳಲ್ಲಿ ಐರಿಷ್ ಕಲಿಸಿದರೂ ಹೆಚ್ಚಿನ ಮನೆಗಳಲ್ಲಿ ಇಂಗ್ಲಿಷೇ ಉಳಿದುದು ಇದಕ್ಕೆ ನಿದರ್ಶನ.

ಆದರೆ ಕಾಸರಗೋಡಿನ ಕನ್ನಡ ಈ ಅಳತೆಗೋಲಿಗೆ ಒಗ್ಗುವುದಿಲ್ಲ. ಮನೆಯಲ್ಲಿಯೂ ಕನ್ನಡವಾಡುವವರು ನಮ್ಮಲ್ಲಿದ್ದಾರೆ; ಹವ್ಯಕರ ಮನೆಗಳು ಅದಕ್ಕೆ ಸಾಕ್ಷಿ. ಆದರೆ ಕನ್ನಡಿಗರೆಂದು ಹೇಳಿಕೊಳ್ಳುವ ಬಹುಮಂದಿಯ ಒಲೆಯ ಬುಡದ ಭಾಷೆ ತುಳು. ಕೆಲವರದು ಕೊಂಕಣಿ, ಕೆಲವರದು ಮರಾಠಿ, ಕೆಲವರದು ಬ್ಯಾರಿ. ತಲೆಮಾರುಗಳಿಂದ ಅವರ ಮನೆಯಲ್ಲಿ ಕನ್ನಡ ತಾಯಿಯಿಂದ ಮಗುವಿಗೆ ದಾಟಿಲ್ಲ. ಅದು ಅಧ್ಯಾಪಕರಿಂದ ವಿದ್ಯಾರ್ಥಿಗೆ, ಭಾಗವತರಿಂದ ಪ್ರೇಕ್ಷಕನಿಗೆ, ಪತ್ರಿಕೆಯಿಂದ ಓದುಗನಿಗೆ ದಾಟಿದೆ. ಯಕ್ಷಗಾನದ ತೆಂಕುತಿಟ್ಟಿನ ಪಿತಾಮಹನೆಂದು ನಾವು ಗೌರವಿಸುವ ಪಾರ್ತಿಸುಬ್ಬ ಕುಂಬಳೆಯವನು. ಅವನ ಪ್ರಸಂಗಗಳನ್ನು ಆಡಿದ, ನೋಡಿದ ಎಷ್ಟೋ ಮಂದಿ ಆಟ ಮುಗಿದು ಮನೆಗೆ ನಡೆಯುವಾಗ ಮಾತನಾಡಿಕೊಂಡದ್ದು ತುಳುವಿನಲ್ಲಿ. ಮಂಜೇಶ್ವರ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಇಬ್ಬರೂ ಕನ್ನಡದ ಕವಿಗಳೆಂಬುದರಲ್ಲಿ ಯಾರಿಗಾದರೂ ಸಂಶಯವಿದೆಯೇ?

ಮನೆಯಲ್ಲಿ ಒಂದು ಭಾಷೆ, ಬರಹಕ್ಕೆ ಇನ್ನೊಂದು ಎಂಬ ಸ್ಥಿತಿಗೆ ಸಮಾಜಭಾಷಾಶಾಸ್ತ್ರದಲ್ಲಿ ಹೆಸರಿಲ್ಲವೆಂದಲ್ಲ. ಚಾರ್ಲ್ಸ್ ಫರ್ಗುಸನ್ 1959ರಲ್ಲಿ ಒಂದೇ ಭಾಷೆಯ ಎರಡು ರೂಪಗಳ ಬಗ್ಗೆ ಹೇಳಿದ್ದನ್ನು ಫಿಶ್‌ಮನ್ನರೇ 1967ರಲ್ಲಿ ಎರಡು ಬೇರೆ ಭಾಷೆಗಳಿಗೂ ವಿಸ್ತರಿಸಿದರು. ಆದರೆ ಅಲ್ಲಿ ಒಂದು ಭಾವನೆ ಅಡಗಿದೆ. ಬರಹದ ಭಾಷೆಗೆ ಮೇಲಿನ ಸ್ಥಾನವಿರುತ್ತದೆ, ಅಧಿಕಾರವೂ ಅದರದೇ ಆಗಿರುತ್ತದೆ ಎಂಬುದು. 1956ಕ್ಕೆ ಮುಂಚೆ, ಈ ಪ್ರದೇಶ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, ಇಲ್ಲಿಯೂ ಹಾಗೆಯೇ ಇತ್ತು. ಕನ್ನಡ ಬಲ್ಲವನಿಗೆ ಕಚೇರಿಯ ಬಾಗಿಲು ತೆರೆಯುತ್ತಿತ್ತು. 1956ರ ನವೆಂಬರ್ 1ರಂದು ಕಚೇರಿಯ ಭಾಷೆ ಬದಲಾಯಿತು. ಅಂದಿನಿಂದ ಕನ್ನಡ ಬಹುಮಂದಿಗೆ ಒಲೆಯ ಭಾಷೆಯೂ ಅಲ್ಲ, ಕಚೇರಿಯ ಭಾಷೆಯೂ ಅಲ್ಲ. ಅದು ಚಾವಡಿಯ ಭಾಷೆ.

ನಮ್ಮ ಹಳೆಯ ಮನೆಗಳನ್ನು ನೋಡಿದವರಿಗೆ ಚಾವಡಿಯ ಮಹತ್ವ ಗೊತ್ತು. ಅಡುಗೆಮನೆ ಅವರವರದು. ಸರಕಾರ ಗೇಟಿನ ಹೊರಗಿನ ರಸ್ತೆಯಲ್ಲಿದೆ. ನಡುವೆ ಚಾವಡಿ. ನೆಂಟರು ಕುಳಿತುಕೊಳ್ಳುವುದು, ಪಂಚಾಯಿತಿಕೆ ನಡೆಯುವುದು, ತಾಳಮದ್ದಳೆ ಕೂಡುವುದು, ಮಕ್ಕಳು ಪಾಠ ಓದುವುದು ಎಲ್ಲ ಅಲ್ಲಿ. ಬೇರೆ ಬೇರೆ ಅಡುಗೆಮನೆಗಳಿಂದ ಬಂದವರು ಒಂದು ಮಾತಿನಲ್ಲಿ ಕಲೆಯುವ ಜಾಗ ಅದು. ಇಂತಹ ಸಮುದಾಯಕ್ಕೆ ಟ್ಯೋನೀಸನ ಬಳಗವೆಂಬ ಹೆಸರೂ ಸರಿಹೊಂದದು, ಕರಾರಿನ ಸಮಾಜವೆಂಬ ಹೆಸರೂ ಸರಿಹೊಂದದು. ಮನೆಯ ಆಧಾರವಿಲ್ಲದೆ, ಅಧಿಕಾರದ ಆಧಾರವೂ ಇಲ್ಲದೆ, ಏಳು ದಶಕ ಒಂದು ಭಾಷೆ ಒಂದು ಸಮುದಾಯವನ್ನು ಹಿಡಿದಿಟ್ಟಿದೆ ಎಂಬುದು ಸಮಾಜಶಾಸ್ತ್ರಕ್ಕೆ ಸಣ್ಣ ಸಂಗತಿಯಲ್ಲ. ಆದರೆ ಫಿಶ್‌ಮನ್ನರ ಎಚ್ಚರಿಕೆಯನ್ನೂ ನಾವು ಮರೆಯಬಾರದು. ಚಾವಡಿಗೆ ತನ್ನದೇ ಒಲೆಯಿಲ್ಲ. ಶಾಲೆಯೆಂಬ ಕಂಬ ಕುಸಿದರೆ ಚಾವಡಿಯ ಮಾಡು ನಿಲ್ಲುವುದಿಲ್ಲ. ಮನೆಮಾತು ಶಾಲೆ ಮುಚ್ಚಿದ ಮೇಲೂ ಒಂದೆರಡು ತಲೆಮಾರು ಬದುಕೀತು. ಶಾಲೆಯಿಂದಲೇ ಬಂದ ಭಾಷೆಗೆ ಆ ಅವಕಾಶವಿಲ್ಲ.

ಕಾನೂನು ನಂಬಿದ ಸಿದ್ಧಾಂತ

ಸರಕಾರ ನಮ್ಮನ್ನು ಎಣಿಸುವುದು ಈ ಚಾವಡಿಯಲ್ಲಿ ಅಲ್ಲ, ಅಡುಗೆಮನೆಯಲ್ಲಿ. ಜನಗಣತಿಯ ಪ್ರಕಾರ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆ. 2011ರ ಗಣತಿಯಲ್ಲಿ ನಮ್ಮ ಜಿಲ್ಲೆಯ 13 ಲಕ್ಷ ಜನರ ಪೈಕಿ ತುಳುವೆಂದು ದಾಖಲಾದವರ ಸಂಖ್ಯೆ ಕನ್ನಡವೆಂದು ದಾಖಲಾದವರಿಗಿಂತ ಬಹಳ ಹೆಚ್ಚು. ನೀಲಗಿರಿಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ. ಅಲ್ಲಿನ ಬಡಗ ಭಾಷೆಯನ್ನು ಪ್ರತ್ಯೇಕ ಭಾಷೆಯೆಂದು ಹೇಳುವ ಭಾಷಾಶಾಸ್ತ್ರಜ್ಞರು ಹಲವರಿದ್ದರೂ ಜನಗಣತಿ ಅದನ್ನು ಕನ್ನಡದ ಕೆಳಗೆ ಸೇರಿಸಿ ಎಣಿಸುತ್ತದೆ. ಅಲ್ಲಿ ಬೇರೆಯೆನ್ನಬಹುದಾದುದು ಒಳಗೆ, ಇಲ್ಲಿ ಜೊತೆಗಿರುವುದು ಹೊರಗೆ. ಕಾಲಂ ಎಂಬುದು ನಿಸರ್ಗದ ಸೃಷ್ಟಿಯಲ್ಲ, ಯಾರೋ ಗೆರೆ ಎಳೆದು ಮಾಡಿದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ನ್ಯಾಯಾಲಯದ ಸಿದ್ಧಾಂತವೂ ಅಡುಗೆಮನೆಯ ಕಡೆಗೇ ವಾಲುತ್ತದೆ. ಭಾಷಾ ಅಲ್ಪಸಂಖ್ಯಾತರೆನಿಸಿಕೊಳ್ಳಲು ಪ್ರತ್ಯೇಕವಾದ ಆಡುಭಾಷೆ ಇರಬೇಕು, ಪ್ರತ್ಯೇಕ ಲಿಪಿ ಇರಲೇಬೇಕೆಂದಿಲ್ಲವೆಂದು 1971ರಲ್ಲಿ ಪಂಜಾಬಿನ ಡಿ.ಎ.ವಿ. ಕಾಲೇಜಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಲ್ಪಸಂಖ್ಯಾತರು ಯಾರೆಂದು ನಿರ್ಧರಿಸುವ ಘಟಕ ರಾಜ್ಯವೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 11 ನ್ಯಾಯಾಧೀಶರ ಪೀಠ ತೀರ್ಮಾನಿಸಿತು.

ಘಟಕ ಬದಲಾದಂತೆ ಸಮುದಾಯವೂ ಬದಲಾಗುತ್ತದೆ. ರಾಜ್ಯಗಳ ಪುನರ್ವಿಂಗಡಣೆಯ ವೇಳೆ ಕಾಸರಗೋಡು ತಾಲೂಕನ್ನು ಇಡಿಯಾಗಿ ತಕ್ಕಡಿಗೆ ಹಾಕಿದರು. ಅದು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯನ್ನು ಗೆರೆಯಾಗಿ ಇಟ್ಟುಕೊಂಡು ಅದರ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದಿತು. ಆ ವರದಿ ಜಾರಿಗೆ ಬರಲಿಲ್ಲ. ಕೋರ್ಟು ರಾಜ್ಯವನ್ನು ಘಟಕವೆನ್ನುತ್ತದೆ. 1956ರ ಕೇಂದ್ರ ಸರಕಾರದ ರಕ್ಷಣಾ ವ್ಯವಸ್ಥೆಯ ಪ್ರಕಾರ, ತಾಲೂಕು ಅಥವಾ ನಗರಸಭೆಯಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿದ್ದರೆ ಮುಖ್ಯವಾದ ಸರಕಾರಿ ಪ್ರಕಟನೆಗಳು ಅವರ ಭಾಷೆಯಲ್ಲಿಯೂ ಬರಬೇಕು. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಕೈಗೊಂಡ ನಿರ್ಣಯದಂತೆ, ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸುವ ಅಧ್ಯಾಪಕರನ್ನು ಕೊಡಬೇಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂಬ 350ಎ ವಿಧಿಯನ್ನು 1956ರಲ್ಲಿ ಸಂವಿಧಾನಕ್ಕೆ ಸೇರಿಸಲಾಯಿತು.

ಇಲ್ಲೆಲ್ಲ ಮಾತೃಭಾಷೆ ಎಂಬ ಪದವೇ ಬೀಗದ ಕೈ. ತುಳು ಮನೆಯ ಮಗುವಿಗೆ ಕನ್ನಡ ಶಾಲೆಯ ಹಕ್ಕು ಇದೆಯೇ, ಇಲ್ಲವೇ? ಪದದ ಅಕ್ಷರಾರ್ಥ ಹಿಡಿದರೆ ಉತ್ತರ ಅಡ್ಡಗೋಡೆಯ ಮೇಲಿನ ದೀಪ. ಮಕ್ಕಳು ಆ ಶಾಲೆಯಲ್ಲಿ ತಲೆಮಾರುಗಳಿಂದ ಕಲಿಯುತ್ತಿದ್ದಾರೆ ಎಂಬ ವಾಸ್ತವವನ್ನು ಹಿಡಿದರೆ ಉತ್ತರ ಸ್ಪಷ್ಟ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸಿದ ದೂರುಗಳು ನಮ್ಮಲ್ಲಿ ಹಲವು ಬಾರಿ ಕೇಳಿಬಂದಿವೆ. 2017ರಲ್ಲಿ ಕೇರಳ ಸರಕಾರ ಹತ್ತನೆಯ ತರಗತಿಯವರೆಗೆ ಮಲೆಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ತಂದಾಗ ಇಲ್ಲಿ ಜನ ಬೀದಿಗಿಳಿದರು. ಮಲೆಯಾಳವನ್ನು ಕಲಿಯಬಾರದೆಂದು ನಮ್ಮಲ್ಲಿ ವಿವೇಕಿಗಳಾರೂ ಹೇಳಲಾರರು. ನೆರೆಯವರ ಭಾಷೆ ಬಾರದವನು ಈ ಜಿಲ್ಲೆಯಲ್ಲಿ ಒಂದು ದಿನವೂ ಬದುಕಲಾರ. ಕನ್ನಡದ ಜಾಗದಲ್ಲಿ ಕಲಿಯುವುದೇ, ಜೊತೆಯಲ್ಲಿ ಕಲಿಯುವುದೇ ಎಂಬುದೊಂದೇ ಪ್ರಶ್ನೆ.

ದೂರದ ಬಳಗ, ಬರಿದಾದ ಬೆಂಚು

ಸಮುದಾಯದ ಸಿದ್ಧಾಂತ ಈಗ ಎಲ್ಲಿಗೆ ಮುಟ್ಟಿದೆ? ಕೆನಡಾದ ಟೊರಾಂಟೋ ನಗರದ ಒಂದು ವಠಾರವನ್ನು ಅಭ್ಯಾಸ ಮಾಡಿದ ಬ್ಯಾರಿ ವೆಲ್‌ಮನ್ 1979ರಲ್ಲಿಯೇ ಇದಕ್ಕೆ ಉತ್ತರ ಕೊಟ್ಟಿದ್ದ. ಸಮುದಾಯ ಸತ್ತಿಲ್ಲ, ಹಳೆಯ ವಠಾರದಲ್ಲಿ ಉಳಿದೂ ಇಲ್ಲ. ಅದು ಜಾಗದಿಂದ ಬಿಡುಗಡೆ ಪಡೆದು ದೂರ ದೂರದ ಸಂಬಂಧಗಳ ಬಲೆಯಾಗಿದೆ ಎಂದು. ಅಂದು ದೂರವಾಣಿ, ಇಂದು ಮೊಬೈಲು. ಇಂದಿನ ಬಹುಪಾಲು ಸಿದ್ಧಾಂತಗಳು ಈ ಬಲೆಯ ಸುತ್ತಲೇ ಹೆಣೆದುಕೊಂಡಿವೆ.

ನಮಗಿದು ಹೊಸತಲ್ಲ. ನಮ್ಮ ಮಕ್ಕಳು ಮುಂಬಯಿಗೆ ಹೋಗಿ, ಆ ಮೇಲೆ ಕೊಲ್ಲಿ ದೇಶಗಳಿಗೆ ಹೋಗಿ, ಈಗ ಬೆಂಗಳೂರಿಗೆ ಹೋಗಿ ಬಲೆ ಬಹಳ ಅಗಲವಾಗಿದೆ. ಊರ ಜಾತ್ರೆಯ ಚಿತ್ರ ಗಳಿಗೆಯಲ್ಲಿ ದುಬಾಯಿ ತಲಪುತ್ತದೆ. ಜೀರ್ಣೋದ್ಧಾರಕ್ಕೆ ಹಣ ಬರುತ್ತದೆ. ಇದನ್ನು ಕಡೆಗಣಿಸುವಂತಿಲ್ಲ. ಆದರೆ ಬಲೆಯ ಸಿದ್ಧಾಂತ ಒಂದನ್ನು ಮರೆಯುತ್ತದೆ. 1949ರ ನಿರ್ಣಯ ಕೇಳುವುದು ಒಂದು ತರಗತಿಯಲ್ಲಿ ಬೆಂಚಿನ ಮೇಲೆ ಕುಳಿತ ಹತ್ತು ಮಕ್ಕಳನ್ನು. ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಮಂದಿ ಕನ್ನಡಾಭಿಮಾನಿಗಳಿದ್ದು, ಒಂದನೇ ತರಗತಿಗೆ ಏಳು ಮಕ್ಕಳು ಸೇರಿದರೆ ಆ ಮುನ್ನೂರು ಮಂದಿಯನ್ನು ಹಾಜರಿ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ. ಹೆತ್ತವರು ಇಂಗ್ಲಿಷ್ ಮಾಧ್ಯಮವನ್ನು ಆರಿಸಿಕೊಳ್ಳುವುದಕ್ಕೆ ಉದ್ಯೋಗದ ಕಾರಣವಿದೆ. ಅವರನ್ನು ದೂಷಿಸಿ ಪ್ರಯೋಜನವಿಲ್ಲ. ಆದರೆ ಭಾಷಣ ಕನ್ನಡಕ್ಕೆ, ಮಗು ಇಂಗ್ಲಿಷಿಗೆ ಎಂಬ ನಮ್ಮ ನಡತೆಯನ್ನು ಮರೆಮಾಚಿ ಸರಕಾರವನ್ನು ಮಾತ್ರ ದೂರುವುದು ಪ್ರಾಮಾಣಿಕತೆಯಲ್ಲ.

ಅಂಗಳದಲ್ಲಿ ನಿಂತವರು

ಅಂಬೇಡ್ಕರರ ಮಾತಿಗೆ ಮತ್ತೆ ಬರುತ್ತೇನೆಂದಿದ್ದೆ. ಚಾವಡಿಯೆಂದು ಹೆಮ್ಮೆಯಿಂದ ಬರೆಯುವಾಗ, ಹಳೆಯ ಚಾವಡಿಗೆ ಎಲ್ಲರೂ ಹತ್ತುವಂತಿರಲಿಲ್ಲವೆಂಬುದನ್ನು ಮರೆಯಲಾಗದು. ದಲಿತರೂ ಕೊರಗರೂ ಅಂಗಳದಲ್ಲಿ ನಿಂತರು, ಅದಕ್ಕೂ ಆಚೆ ನಿಂತರು. ರಾಂಪುರದ ತಮ್ಮ ಚಿತ್ರ ಹೆಚ್ಚಾಗಿ ಮೇಲಿನ ಜಾತಿಗಳ ಕಣ್ಣಿನಿಂದ ಕಂಡದ್ದೆಂದು ಶ್ರೀನಿವಾಸರು ಪ್ರಾಂಜಲವಾಗಿ ಒಪ್ಪಿಕೊಂಡಿದ್ದರು. ಕಾಸರಗೋಡಿನ ಕನ್ನಡದ ಚಿತ್ರ ಬರೆದವರೂ ಹೆಚ್ಚಾಗಿ ಭೂಮಿ, ವಿದ್ಯೆ ಇದ್ದವರೇ. ಕೊರಗರಿಗೆ ತಮ್ಮದೇ ಆದ ಭಾಷೆಯಿದೆ. ನಮ್ಮ ಹಕ್ಕಿಗಾಗಿ ಅವರ ತಲೆಯನ್ನು ಎಣಿಸಿಕೊಂಡು, ಅವರ ಭಾಷೆಗೆ ಒಂದು ಸಾಲೂ ಜಾಗ ಕೊಡದಿದ್ದರೆ, ನಾವು ಬಹುಸಂಖ್ಯಾತರಿಂದ ಕೇಳುವ ನ್ಯಾಯವನ್ನು ನಾವೇ ನಿರಾಕರಿಸಿದಂತೆ. ಬ್ಯಾರಿ, ಮಲೆಯಾಳ ಮಾತನಾಡುವ ಮುಸಲ್ಮಾನರ ಮನೆಗಳಿಂದಲೂ ಮಕ್ಕಳು ಕನ್ನಡ ಶಾಲೆಗೆ ಬಂದಿದ್ದಾರೆ. ಅವರನ್ನು ನಮ್ಮವರೆಂದು ಭಾವಿಸುತ್ತೇವೆಯೋ, ಶಾಲೆಯ ಸಂಖ್ಯೆ ತುಂಬಿಸುವವರೆಂದೋ? ಬಾರ್ತ್ ಹೇಳಿದ ಗಡಿ ಹೊರಗೆ ಮಾತ್ರವಲ್ಲ, ನಮ್ಮೊಳಗೂ ಇದೆ.

ಏನು ಬರೆಸಬೇಕು?

ಹಾಗಾದರೆ ಬಾಗಿಲಿಗೆ ಬಂದ ಪ್ರಶ್ನೆಗೆ ಉತ್ತರವೇನು? ಇದ್ದುದನ್ನು ಇದ್ದಂತೆ ಬರೆಸಬೇಕು. ತುಳು ಮನೆಯವರು ತುಳುವೆಂದೂ ಕೊಂಕಣಿಯವರು ಕೊಂಕಣಿಯೆಂದೂ ಬರೆಸಲಿ. ಇದು ಗಣತಿಯ ನಿಯಮವೂ ಹೌದು, ಆ ಭಾಷೆಗಳಿಗೆ ಸಲ್ಲಬೇಕಾದ ನ್ಯಾಯವೂ ಹೌದು. ಒಂದು ಸಣ್ಣ ಭಾಷೆಯನ್ನು ಉಳಿಸಲು ಇನ್ನೊಂದು ಸಣ್ಣ ಭಾಷೆಯನ್ನು ಮರೆಮಾಡುವುದು ಧರ್ಮವಲ್ಲ. ಆದರೆ ಇಷ್ಟಕ್ಕೇ ನಿಲ್ಲಬಾರದು. 2011ರ ನಮೂನೆಯಲ್ಲಿ ಮಾತೃಭಾಷೆಯ ಪ್ರಶ್ನೆಯ ಬಳಿಕ, ತಿಳಿದಿರುವ ಇತರ ಭಾಷೆಗಳಲ್ಲಿ ಎರಡನ್ನು ಬರೆಯಲು ಅವಕಾಶವಿತ್ತು. ನಮ್ಮಲ್ಲಿ ಬಹುಮಂದಿ ಇದನ್ನು ಲಕ್ಷ್ಯಕ್ಕೇ ತಂದುಕೊಂಡಿಲ್ಲ. ಅಲ್ಲಿ ಮೊದಲನೆಯದಾಗಿ ಕನ್ನಡ ಬರೆಸಬೇಕು. ಪ್ರತಿಯೊಬ್ಬ ಸದಸ್ಯನ ಉತ್ತರವೂ ಬೇರೆ ಬೇರೆಯಾಗಿ ದಾಖಲಾಗುವುದರಿಂದ ಯಜಮಾನನ ಒಂದು ಮಾತು ಇಡೀ ಮನೆಗೆ ಸಾಲದು. ನಮ್ಮ ಚಾವಡಿಗೆ ಸರಕಾರದ ಕಾಗದದಲ್ಲಿ ಇರುವ ಜಾಗ ಆ ಎರಡನೆಯ ಕಾಲಮ್ಮೇ.

ಇನ್ನು ಸಂಘಸಂಸ್ಥೆಗಳ ಹೊಣೆ. ಎರಡನೆಯ ಭಾಷೆಯ ಅಂಕಿಗಳನ್ನು ರಾಜ್ಯಮಟ್ಟದಲ್ಲಿ ಮಾತ್ರವಲ್ಲದೆ ತಾಲೂಕು, ಪಂಚಾಯತು ಮಟ್ಟದಲ್ಲಿಯೂ ಪ್ರಕಟಿಸಬೇಕೆಂದು ಈಗಲೇ ಒತ್ತಾಯಿಸಬೇಕು. 2011ರ ಭಾಷಾ ಅಂಕಿಗಳು ಹೊರಬಿದ್ದುದು 2018ರಲ್ಲಿ. ಕಾದು ಕುಳಿತರೆ ಒಂದು ತಲೆಮಾರಿನ ಮಕ್ಕಳು ಶಾಲೆ ಮುಗಿಸಿರುತ್ತಾರೆ. ಕನ್ನಡ ಶಾಲೆಯ ಹಕ್ಕನ್ನು ತಾಯಿಯ ನುಡಿಗೆ ಮಾತ್ರ ಗಂಟುಹಾಕದೆ, ಆ ಪ್ರದೇಶದಲ್ಲಿ ಪರಂಪರೆಯಿಂದ ಬಂದ ವಿದ್ಯಾಭಾಷೆಗೆ ಸೇರಿಸಬೇಕೆಂದು ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಮುಂದೆ ವಾದ ಮಂಡಿಸಬೇಕು.

ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ಒಂದು ಮಾತು. ಟ್ಯೋನೀಸ್ ಜರ್ಮನಿಯ ಹಳ್ಳಿಯನ್ನೂ ವೆಲ್‌ಮನ್ ಟೊರಾಂಟೋದ ವಠಾರವನ್ನೂ ನೋಡಿ ಸಿದ್ಧಾಂತ ಕಟ್ಟಿದರು. ಸಮುದಾಯದ ಸಿದ್ಧಾಂತಕ್ಕೆ ಭವಿಷ್ಯವಿರುವುದಾದರೆ ಅದು ನಮ್ಮಂತಹ ನೆಲಗಳಲ್ಲಿದೆ. ಒಂದು ಮನೆಯೊಳಗೆ ನಾಲ್ಕು ಭಾಷೆಗಳಿದ್ದು, ನಾಲ್ಕೂ ತಮ್ಮ ತಮ್ಮ ಕೆಲಸ ಮಾಡುತ್ತಿರುವ ಕಡೆ. ಒಂದು ಪಂಚಾಯತನ್ನು ತೆಗೆದುಕೊಂಡು, ಪ್ರತಿಯೊಂದು ಮನೆಯಲ್ಲಿ ಯಾರು ಯಾರೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ, ಯಾವುದರಲ್ಲಿ ಓದುತ್ತಾರೆ, ಯಾವುದರಲ್ಲಿ ದೇವರನ್ನು ಕರೆಯುತ್ತಾರೆ ಎಂದು ವಿದ್ಯಾರ್ಥಿಗಳಿಂದ ಬರೆಸಿದರೆ ಸಾಕು. ಅಂತಹ ಪುಸ್ತಕ ಕೋರ್ಟಿನಲ್ಲಿಯೂ ನಮಗೆ ಸಾಕ್ಷಿಯಾದೀತು. ಇದಕ್ಕೆ ದೊಡ್ಡ ಧನಸಹಾಯ ಬೇಡ. ಒಂದು ಬೇಸಗೆ ರಜೆ ಮತ್ತು ನಡೆಯುವ ಕಾಲುಗಳು ಸಾಕು.

ಇಷ್ಟೆಲ್ಲ ಮಾಡಿದರೂ ಕೊನೆಯ ಲೆಕ್ಕ ನಡೆಯುವುದು ಶಾಲೆಯಲ್ಲಿ. ಜೂನ್ ತಿಂಗಳಲ್ಲಿ ಶಾಲೆಯ ಬಾಗಿ಼ಲು ತೆರೆದಾಗ ಒಂದನೇ ತರಗತಿಯ ಬೆಂಚಿನಲ್ಲಿ ಎಷ್ಟು ಮಕ್ಕಳು ಕುಳಿತಿರುತ್ತಾರೆಂಬುದೇ ನಮ್ಮ ಸಮುದಾಯದ ನಿಜವಾದ ಜನಗಣತಿ. ಅದು ಹತ್ತು ವರ್ಷಕ್ಕೊಮ್ಮೆ ಅಲ್ಲ, ವರ್ಷ ವರ್ಷವೂ ನಡೆಯುತ್ತದೆ. ಅದರ ನಮೂನೆ ತುಂಬಿಸುವವರು ನಾವೇ.